ಹೆಚ್ಚರಿಕೆ

ಜನವರಿ ೧೮

ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನೆ ಮತ್ತೆ ಕೆಟ್ಟ ಕನಸು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನೆಲ್ಲ ನಾನು ಜಲಾಶಯದ ಕಟ್ಟೆಯ ಮೇಲೆ ಒಣಗಹಾಕಿದ್ದೆನಂತೆ. ಎಷ್ಟು ಹೊತ್ತಾದರೂ ಒಣಗಲೊಲ್ಲವು. ಮುಟ್ಟಿದರೆ ಒಂದೊಂದೂ ನೀರು ಕುಡಿದು ಭಾರವಾಗಿದೆ. ಹಿಂಡುತ್ತೇನೆ, ಹಿಂಡಿದಷ್ಟೂ ನೀರು. ಕೊನೆಗೆ ನೋಡಿದರೆ ಅಲ್ಲಿ ಕಟ್ಟೆಯೇ ಇಲ್ಲ, ನಾನು ಹರವಿದ ಬಟ್ಟೆಗಳೇ ಅಷ್ಟೂ ನೀರನ್ನು ತಡೆದು ನಿಂತಿವೆ. ನೀನು ಆ ತುದಿಯಲ್ಲಿ ಕೂತು ಕೆಂಪು ಪೆನ್ನಿನಿಂದ ಬಟ್ಟೆಯ ಮೇಲೆ ಏನೋ ಗೀಚುತ್ತಿದ್ದೀಯ. "ಏಳೋ, ಬಾರೋ" ಅಂತ ಕೂಗಿದರೆ ತಲೆ ಎತ್ತದೆ "ತಾಳಕ್ಕಾ, ಇನ್ನೊಂದೇ ಸಾಲು" ಅನ್ನುತ್ತೀಯ. ಕಿರುಚಿಕೊಂಡು ಎದ್ದೆ. ಪಕ್ಕದ ಕೋಣೆಯಿಂದ ನಮ್ಮತ್ತೆ, "ಮತ್ತೆ ತಮ್ಮ ಬಂದಿದ್ನೇನೇ? ಬಂದವನಿಗೆ ಕುಡಿಯೋಕೆ ನೀರಾದ್ರೂ ಕೊಟ್ಯಾ?" ಅಂದರು.

ಈ ಕಾಗದ ಓದುವ ಜೈಲಿನ ಸಾಹೇಬರೇ, ಇದು ಬರೀ ಕನಸು. ಇದರಲ್ಲಿ ಯಾವ ಗುಟ್ಟೂ ಇಲ್ಲ, ದಯವಿಟ್ಟು ಮಸಿ ಬಳಿಯಬೇಡಿ. ಹೋದ ಕಾಗದದಲ್ಲಿ ಎರಡು ಸಾಲಿಗೆ ಬಳಿದಿರಂತೆ. ಅದು ನನ್ನ ಹಲ್ಲುನೋವಿನ ಸಮಾಚಾರ.

ತಮ್ಮಾ, ಪತ್ರಿಕೆಯಲ್ಲಿ ಆ ಹಾಳೆಯ ಚಿತ್ರ ಬಂದ ಬೆಳಿಗ್ಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಗೆ ಇಸ್ತ್ರಿಯವಳು ಪತ್ರಿಕೆ ಹಿಡಿದುಕೊಂಡೇ ಓಡಿಬಂದಳು. "ನೋಡ್ರೇ, ನಮ್ಮ ತಲೆ ಮೇಲಿನ ಕಟ್ಟೆ ಬಿರುಕು ಬಿಟ್ಟಿದೆಯಂತೆ, ಸರ್ಕಾರಕ್ಕೆ ಗೊತ್ತಿದ್ದೂ ಮುಚ್ಚಿಟ್ಟಿದೆಯಂತೆ!" ಎಲ್ಲರೂ ಮುಗಿಬಿದ್ದರು. ಹಾಳೆಯ ಮೇಲೆ 'ಗುಪ್ತ' ಅಂತ ಮೊಹರು. ಅವರೆಲ್ಲ ಬಿರುಕು ಅನ್ನುವ ಪದ ನೋಡಿದರು. ನಾನು ನೋಡಿದ್ದು ಅಂಚಿನಲ್ಲಿದ್ದ ತಿದ್ದುಗುರುತಿನ ಕೊಕ್ಕೆಯನ್ನು. ಗಾಳದ ಹಾಗೆ ಬಗ್ಗಿ, ತುದಿಯಲ್ಲಿ ಚಿಕ್ಕದೊಂದು ಬಾಲ. ನನ್ನ ದಿನಸಿ ಚೀಟಿಯ ಮೇಲೆ, ನನ್ನ ಕಾಗದಗಳ ಮೇಲೆ ಆ ಕೊಕ್ಕೆಯನ್ನು ಎಷ್ಟು ಸಲ ನೋಡಿಲ್ಲ! ನಾನೇ ಗುರುತಿಸಿದೆ ಅಂದ ಮೇಲೆ ನೀನು ಕರಡು ತಿದ್ದುತ್ತಿದ್ದ ಸರ್ಕಾರಿ ಮುದ್ರಣಾಲಯದವರು ಗುರುತಿಸದೆ ಬಿಡುತ್ತಾರೆಯೇ? ನಮ್ಮತ್ತೆ ಹೇಳುವುದರಲ್ಲೂ ನ್ಯಾಯವಿದೆ: "ಕಳ್ಳರನ್ನ ನೋಡಿದೀನಿ, ಕದ್ದ ಮಾಲಿನ ಕಾಗುಣಿತ ತಿದ್ದೋ ಕಳ್ಳನ್ನ ಇವನೊಬ್ಬನ್ನೇ ನೋಡಿದ್ದು."

ನಿನ್ನ ಭಾವನನ್ನು ಕೆಲಸಕ್ಕೆ ಬರಬೇಡ ಅಂದಿದ್ದಾರೆ. ತೂಬಿನ ಗೇಟು ಎತ್ತಿ ಇಳಿಸುವವನ ಭಾವಮೈದುನನೇ ಹೀಗೆ ಮಾಡಿದ ಮೇಲೆ ಗೇಟಿನ ಕೀಲಿ ಅವನ ಕೈಯಲ್ಲಿ ಇರಕೂಡದಂತೆ. ಇವರು ಮನೆಯಲ್ಲಿ ಗೋಡೆ ನೋಡುತ್ತಾ ಕೂರುತ್ತಾರೆ. ನಿನ್ನ ಹೆಸರು ಎತ್ತುವುದಿಲ್ಲ. ಎತ್ತಲೇಬೇಕಾದರೆ 'ಆ ಕೊಕ್ಕೆ' ಅನ್ನುತ್ತಾರೆ.

ಇನ್ನೊಂದು ಚಿಂತೆ. ನೀನು ಉತ್ತರ ಬರೆದೆ, ಆದರೆ ನನ್ನ ಕಾಗದವನ್ನು ತಿದ್ದಿ ವಾಪಸು ಕಳಿಸಲಿಲ್ಲ. ಶಾಲೆ ಬಿಟ್ಟವಳಿಗೆ ನಿನ್ನ ತಿದ್ದುವಿಕೆಯೇ ಶಾಲೆಯಾಗಿತ್ತು. ನಾನು ಹೆಚ್ಚರಿಕೆ ಅಂತ ಬರೆದರೆ ಆ 'ಹ'ವನ್ನು ಕೊಕ್ಕೆಯಲ್ಲಿ ಎಳೆದು ಹೊರಗೆ ಹಾಕುತ್ತಿದ್ದೆ. "ಅಕ್ಕಾ, ಅದು ಎಚ್ಚರಿಕೆ." ನಾನು, "ಊರಿಗೆಲ್ಲ ಇರೋದು ಎಚ್ಚರಿಕೆ ಕಣೋ, ನನ್ನದು ಸ್ವಲ್ಪ ಹೆಚ್ಚು, ಅದಕ್ಕೇ ಹೆಚ್ಚರಿಕೆ" ಅನ್ನುತ್ತಿದ್ದೆ. ಈಗ ಯಾಕೆ ಸುಮ್ಮನಾದೆ? ಮೈಗೆ ಹುಷಾರಿಲ್ಲವೇ? ಹೊದಿಕೆ ಕೊಟ್ಟಿದ್ದಾರೆಯೇ? ಕಿಟಕಿ ಯಾವ ದಿಕ್ಕಿಗಿದೆ?

ಹೆಚ್ಚರಿಕೆಯಿಂದ ಇರು.

ನಿನ್ನ ಅಕ್ಕ


ಫೆಬ್ರವರಿ ೨

ಪ್ರೀತಿಯ ಅಕ್ಕನಿಗೆ,

ಹೊದಿಕೆ ಕೊಟ್ಟಿದ್ದಾರೆ. ಕಿಟಕಿ ಇದೆ, ಆದರೆ ಅದರ ಎದುರಿಗೆ ಇನ್ನೊಂದು ಗೋಡೆ ಇರುವುದರಿಂದ ದಿಕ್ಕು ಹೇಳುವುದು ಕಷ್ಟ. ನನಗಿಲ್ಲಿ ಲಕೋಟೆ ಅಂಟಿಸುವ ಕೆಲಸ. ಒಳಗೆ ಏನು ಹಾಕುತ್ತಾರೆಂದು ಗೊತ್ತಾಗದ ಕಾಗದದ ಕೆಲಸ ನನ್ನಂಥವನಿಗೆ ಹೇಳಿ ಮಾಡಿಸಿದ್ದು ಎಂದು ಮೇಲ್ವಿಚಾರಕರು ನಗುತ್ತಾರೆ. ಕೆಂಪು ಪೆನ್ನು ಕೊಡುವುದಿಲ್ಲ. ಕೇಳಿಯೂ ಇಲ್ಲ.

ಕಟ್ಟೆ ಪರೀಕ್ಷಿಸಿದ ಎಂಜಿನಿಯರರ ವರದಿಯಲ್ಲಿ, ಅವರ ಕೈಬರಹದಲ್ಲಿ 'ಕಟ್ಟೆಯ ಎಡಮೂಲೆಯಲ್ಲಿ ಬಿರುಕು ಹೆಚ್ಚುತ್ತಿದೆ' ಎಂದೇ ಇತ್ತು. ಅಕ್ಷರ ಜೋಡಿಸಿ ನನ್ನ ಮೇಜಿಗೆ ಬಂದ ಕರಡಿನಲ್ಲಿ 'ಬಿರುಸು ಹೆಚ್ಚುತ್ತಿದೆ' ಎಂದಾಗಿತ್ತು. ಕೈತಪ್ಪು ಅಂದುಕೊಂಡು ತಿದ್ದಿ ಕಳಿಸಿದೆ. ಎರಡನೆಯ ಕರಡಿನಲ್ಲೂ ಬಿರುಸು. ಮತ್ತೆ ತಿದ್ದಿದೆ. ಆಗ ವಿಭಾಗದ ಮುಖ್ಯಸ್ಥರು ನನ್ನ ತಿದ್ದುಪಡಿಯ ಕೆಳಗೆ ಚುಕ್ಕೆಗಳ ಸಾಲೊಂದನ್ನು ಹಾಕಿ ಹಿಂದಿರುಗಿಸಿದರು. ನಮ್ಮ ಕೆಲಸದಲ್ಲಿ ಆ ಚುಕ್ಕೆಸಾಲಿಗೆ 'ತಿದ್ದಬೇಡ, ಇದ್ದಂತೆ ಇರಲಿ' ಎಂದರ್ಥ. ಆಗ ಗೊತ್ತಾಯಿತು, ಅದು ಅಚ್ಚಿನ ತಪ್ಪಲ್ಲ, ತಪ್ಪಿನ ಅಚ್ಚು.

ನಿನಗೊಬ್ಬಳಿಗೆ ಗುಟ್ಟಾಗಿ ಹೇಳಿ ಮನೆ ಖಾಲಿ ಮಾಡಿಸಬಹುದಿತ್ತು, ಯೋಚಿಸಿದ್ದೆ. ಆದರೆ ಕಟ್ಟೆಯ ಕೆಳಗಿನ ತಗ್ಗಿನ ಬೀದಿಗಳ ಒಂದೊಂದು ಬಾಗಿಲನ್ನೂ ತಟ್ಟದೆ ನೀನು ಹೊಸಿಲು ದಾಟುವವಳಲ್ಲ. ಗುಟ್ಟು ನನ್ನಿಂದ ಹೊರಬಿದ್ದರೇನು, ನಿನ್ನಿಂದ ಬಿದ್ದರೇನು. ನನ್ನಿಂದಲೇ ಬೀಳಲಿ ಅಂದುಕೊಂಡು ಕರಡಿನ ಹಾಳೆಯನ್ನು ಪತ್ರಿಕೆಗೆ ಕಳಿಸಿದೆ. ಅಂಚಿನ ಕೊಕ್ಕೆಯೊಂದನ್ನು ಹಾಕದೆ ಬಿಡಬೇಕಿತ್ತು. ಕೈ ಕೇಳಲಿಲ್ಲ.

ಅದಕ್ಕೇ ಇನ್ನು ಯಾರ ಬರಹವನ್ನೂ ತಿದ್ದುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ್ದೇನೆ. ನಿನ್ನ ಕಾಗದವನ್ನೂ. ಅದನ್ನು ಕಾಗದವೆಂದೇ ಓದಿದೆ. ಹಾಗೆ ಓದುವುದು ನನಗೆ ಹೊಸದು.

ಭಾವನಿಗೆ ನಮಸ್ಕಾರ ಹೇಳು. ಬೇಡ, ಹೇಳಬೇಡ.

ನಿನ್ನ ತಮ್ಮ


ಫೆಬ್ರವರಿ ೨೦

ತಮ್ಮನಿಗೆ ಅಕ್ಕನ ಆಶೀರ್ವಾದ.

ಮೂರು ಸಲ ಬರೆದು ಹರಿದಿದ್ದೇನೆ, ಇದು ನಾಲ್ಕನೆಯದು. ಓದುವಾಗ ಸಿಟ್ಟು ಮಾಡಬೇಡ.

ನಿನ್ನ ಲಾಯರಮ್ಮ ಮನೆಗೇ ಬಂದಿದ್ದರು. ನಮ್ಮತ್ತೆ ಅವರಿಗೆ ಕುರ್ಚಿ ಕೊಟ್ಟು ಎದುರಿಗೆ ತಾವು ಕೂತುಬಿಟ್ಟರು, ಕೋರ್ಟಿನಲ್ಲಿ ಕೂತ ಹಾಗೆ. ಲಾಯರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಇಲಾಖೆಯ ಹತ್ತಿರ ಇರುವ ಅಚ್ಚಾದ ಪ್ರತಿಗಳಲ್ಲೆಲ್ಲ ಬಿರುಸು ಅಂತಲೇ ಇದೆ. ಎಂಜಿನಿಯರರ ಕೈಬರಹ ಸಿಗುತ್ತಿಲ್ಲವಂತೆ. ಎಂಜಿನಿಯರರನ್ನು ದೂರಕ್ಕೆ ವರ್ಗ ಮಾಡಿದ್ದಾರೆ, ಅವರು ಬಾಯಿ ಬಿಡುತ್ತಿಲ್ಲ. ಆದ್ದರಿಂದ ಸರ್ಕಾರ ಈಗ ಬೇರೆ ಮಾತು ಆಡುತ್ತಿದೆ: ಕಟ್ಟೆಯಲ್ಲಿ ಬಿರುಕೇ ಇಲ್ಲ, ಈ ಮನುಷ್ಯ ಕೆಂಪು ಪೆನ್ನಿನಿಂದ ತಾನೇ ಬಿರುಕು ಸೃಷ್ಟಿ ಮಾಡಿ ಜನರನ್ನು ಹೆದರಿಸಿದ್ದಾನೆ. ಗುಟ್ಟು ಹೊರಹಾಕಿದ್ದು ಒಂದು ಅಪರಾಧ, ಸುಳ್ಳು ಬರೆದದ್ದು ಇನ್ನೊಂದು. ಎರಡೂ ಸೇರಿದರೆ ವರ್ಷಗಟ್ಟಲೆ.

ನೀರಾವರಿ ಮಂತ್ರಿಗಳು ಸಭೆಯಲ್ಲಿ ಎದ್ದು ನಿಂತು ಹೇಳಿದ್ದನ್ನು ರೇಡಿಯೋದಲ್ಲಿ ನಾವೇ ಕೇಳಿದೆವು. "ಬಿರುಸು ಅಂದರೆ ಬಲ. ನಮ್ಮ ಕಟ್ಟೆಯ ಬಲ ಹೆಚ್ಚುತ್ತಿದೆ ಅಂತ ವರದಿ ಹೇಳಿದೆ!" ಅವರ ಕಡೆಯವರೆಲ್ಲ ಮೇಜು ಕುಟ್ಟಿದರು. ನಮ್ಮತ್ತೆ ರೇಡಿಯೋದ ಕಿವಿ ಹಿಂಡಿ ಬಾಯಿ ಮುಚ್ಚಿಸಿದರು. "ಕಟ್ಟೆ ಸೋರಿದ್ದಕ್ಕೆ ಯಾರಿಗೂ ಜೈಲಿಲ್ಲ, ಕಾಗದ ಸೋರಿದ್ದಕ್ಕೆ ಜೈಲು" ಅಂದರು. ನಿನ್ನ ಪರ ಅವರು ಆಡಿದ ಮೊದಲ ಮಾತು ಅದು. ಆಮೇಲೆ ಅದನ್ನು ಸರಿದೂಗಿಸುವುದಕ್ಕೋ ಏನೋ, "ಆದ್ರೂ ನಿನ್ನ ತಮ್ಮ ಕಟ್ಟೆ ಒಡೆಯೋಕ್ಕಿಂತ ಮೊದಲು ನಮ್ಮನೆ ಒಡೆದ" ಅಂತ ಸೇರಿಸಿದರು.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಹತ್ತಿರ ಒಂದು ಕಾಗದ ತರುತ್ತಾರಂತೆ. ಅದರಲ್ಲಿ 'ಬಿರುಸು ಎಂಬುದನ್ನು ಬಿರುಕು ಎಂದು ನಾನೇ ಬದಲಿಸಿದೆ, ತಪ್ಪಾಯಿತು' ಅಂತ ಇರುತ್ತದಂತೆ. ಸಹಿ ಹಾಕಿದರೆ ಬೇಗ ಬಿಡುತ್ತಾರೆ. ಕೆಲಸ ಹೋಗುತ್ತದೆ, ಹೋಗಲಿ. ಇವರಿಗೆ ಕೆಲಸ ವಾಪಸು. ನಾವಿರುವ ಇಲಾಖೆಯ ಮನೆ ಖಾಲಿ ಮಾಡಿ ಅಂತ ಬಾಗಿಲಿಗೆ ನೋಟೀಸು ಅಂಟಿಸಿದ್ದಾರೆ, ಅದನ್ನೂ ಕಿತ್ತುಹಾಕುತ್ತಾರೆ.

ಒಂದು ಅಕ್ಷರ ತಾನೆ, ತಮ್ಮಾ? 'ಸ' ಅಂದರೆ ಮನೆ, 'ಕ' ಅಂದರೆ ಜೈಲು. ನಾನು ಓದಿದವಳಲ್ಲ. ನನಗೆ ಅಕ್ಷರಕ್ಕಿಂತ ನೀನು ದೊಡ್ಡವನು. ಹಾಸಿಗೆ ಬಟ್ಟೆ ಹಿಂಡುವಾಗ ಒಂದೊಂದು ಸಲ ನಿನ್ನ ಕುತ್ತಿಗೆ ಹಿಂಡುತ್ತಿದ್ದೇನೆ ಅನ್ನಿಸಿ ಕೈ ಬಿಡುತ್ತೇನೆ. ಸಹಿ ಹಾಕಿಬಿಡು. ನಿನ್ನ ಕಾಲು ಹಿಡಿಯುತ್ತೇನೆ, ಅಕ್ಕನಾದವಳು ಹಾಗೆ ಬರೆಯಬಾರದು, ಆದರೂ.

ಹೆಚ್ಚರಿಕೆಯಿಂದ ಇರು.

ಅಕ್ಕ


ಮಾರ್ಚ್ ೯

ಅಕ್ಕಾ,

ಆ ಕಾಗದ ಬಂದಿದೆ. ನನ್ನ ದಿಂಬಿನ ಕೆಳಗಿದೆ. ಅದರಲ್ಲಿ ಎರಡು ಕಡೆ ಕಾಗುಣಿತ ತಪ್ಪಿದೆ, ತಿದ್ದಲಿಲ್ಲ.

ಸಹಿ ಇನ್ನೂ ಹಾಕಿಲ್ಲ. ನೀನು ಹಾಕು ಅಂದರೆ ಹಾಕುತ್ತೇನೆ. ಇದನ್ನು ಚುಚ್ಚಿ ಹೇಳುತ್ತಿಲ್ಲ. ನಿನ್ನನ್ನು ಕೇಳದೆ ನಾನು ಮಾಡಿದ್ದು ಇದೊಂದೇ, ಅದರಿಂದ ನಿನ್ನ ಮನೆಗೆ ಏನಾಯಿತೆಂದು ನೋಡಿದ್ದೇನೆ. ಮುಂದಿನ ತಿಂಗಳ ಮೊದಲ ವಾರದವರೆಗೆ ಸಮಯ ಕೊಟ್ಟಿದ್ದಾರೆ.

ಅದಕ್ಕೆ ಮೊದಲು ಭಾವನನ್ನು ಒಂದು ಮಾತು ಕೇಳು. ನನ್ನ ಬಗ್ಗೆ ಅಲ್ಲ. ಎಡಮೂಲೆಯ ಕೆಳಗೆ ಒಂದು ರಾತ್ರಿ ಮಲಗು ಅಂದರೆ ಅವರಿಗೆ ನಿದ್ದೆ ಬರುತ್ತದೆಯೇ, ಅಷ್ಟು ಕೇಳು.

ತಮ್ಮ


ಮಾರ್ಚ್ ೨೬

ತಮ್ಮನಿಗೆ ಅಕ್ಕನ ಆಶೀರ್ವಾದ.

ಈ ಕಾಗದ ನಿನಗೆ ಸಮಯಕ್ಕೆ ಸರಿಯಾಗಿ ಸೇರುತ್ತದೋ ಇಲ್ಲವೋ ಅಂತ ಅಂಚೆ ಡಬ್ಬಿ ತೆಗೆಯುವ ಹೊತ್ತನ್ನು ಎರಡು ಸಲ ಹೋಗಿ ನೋಡಿ ಬಂದೆ. ಕೊನೆಗೆ ಅಂಚೆ ಕಚೇರಿಗೇ ಹೋಗಿ ಕಿಟಕಿಯಲ್ಲಿ ಕೊಡುತ್ತೇನೆ. ಅದಕ್ಕೇ ಮೊದಲ ಸಾಲಿನಲ್ಲೇ ಬರೆಯಬೇಕಾಗಿದ್ದ ಮಾತು ಇದು: ಸಹಿ ಹಾಕಬೇಡ.

ಈಗ ಯಾಕೆ ಅಂತ ಹೇಳುತ್ತೇನೆ.

ನಿನ್ನ ಪ್ರಶ್ನೆಯನ್ನು ಇವರಿಗೆ ಓದಿ ಹೇಳಿದೆ. ಉಗುರು ಕತ್ತರಿಸಿಕೊಳ್ಳುತ್ತಿದ್ದವರು ಕತ್ತರಿ ಕೆಳಗಿಟ್ಟರು. ಮಾರನೆಯ ದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಚಪ್ಪಲಿ ಹಾಕಿಕೊಂಡು ಹಿಂದೆ ಬಂದರು. ಆಸ್ಪತ್ರೆಯ ಕಡೆ ತಿರುಗುವಲ್ಲಿ, "ಆ ಕಡೆ ಬೇಡ, ಈ ಕಡೆ ಬಾ" ಅಂದರು.

ಕಟ್ಟೆಯ ಕೆಳಗಿನ ಕಾಲುದಾರಿ ನಿನಗೆ ಗೊತ್ತಲ್ಲ, ಚಿಕ್ಕಂದಿನಲ್ಲಿ ನೀನು ಚೆಂಡು ಹುಡುಕಿಕೊಂಡು ಹೋಗುತ್ತಿದ್ದದ್ದು. ಬಿಸಿಲಿಗೆ ಎಲ್ಲ ಕಡೆ ಹುಲ್ಲು ಒಣಗಿ ತರಗಾಗಿದೆ. ಎಡಮೂಲೆಯಲ್ಲಿ ಮಾತ್ರ ಹಚ್ಚಹಸಿರು. ನೋಡಿದರೆ ಕಣ್ಣಿಗೆ ತಂಪು, ಹೊಟ್ಟೆಯಲ್ಲಿ ಬೆಂಕಿ. ನಡೆದರೆ ಚಪ್ಪಲಿ ಕೆಳಗೆ ಪಿಚಕ್ ಪಿಚಕ್ ಅನ್ನುತ್ತದೆ. ಇವರು ನನ್ನ ಕೈ ಹಿಡಿದು ಅಂಗೈಯನ್ನು ಕಲ್ಲಿನ ಮೇಲೆ ಇಟ್ಟರು. ಮದುವೆಯಾದ ಮೇಲೆ ಬೀದಿಯಲ್ಲಿ ಇವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಕಲ್ಲು ತಣ್ಣಗೆ ಬೆವರುತ್ತಿತ್ತು. ನಾನು ದಿನವಿಡೀ ಒದ್ದೆ ಬಟ್ಟೆ ಮುಟ್ಟುವವಳು. ಮೇಲೆ ಬಿದ್ದ ನೀರು ಬೇರೆ, ಒಳಗಿಂದ ಬರುವ ನೀರು ಬೇರೆ.

"ಇದು ಬಿರುಸಾ ಬಿರುಕಾ? ನೀವೇ ಹೇಳಿ" ಅಂದೆ.

"ನೀರಿಗೆ ಓದೋಕೆ ಬರಲ್ಲ ಕಣೇ" ಅಂದರು. "ನಾವು ಯಾವ ಅಕ್ಷರ ಬರೆದ್ರೂ ಅದು ದಾರಿ ಇರೋ ಕಡೇನೇ ಬರೋದು."

ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, "ನಾನೂ ಹೇಳಿದ್ದೆ. ಒಂದೇ ಒಂದ್ಸಲ. 'ನಿನಗ್ಯಾಕೆ, ಗೇಟು ನೋಡ್ಕೋ' ಅಂದ್ರು. ಗೇಟು ನೋಡ್ಕೊಂಡೆ" ಅಂದರು. ಇಷ್ಟು ದಿನ ಇವರಿಗೆ ಸಿಟ್ಟು ನಿನ್ನ ಮೇಲೆ ಅಂದುಕೊಂಡಿದ್ದೆ.

ತಮ್ಮಾ, ನೀನು 'ಸ' ಅಂತ ಬರೆದುಕೊಟ್ಟು ಮನೆಗೆ ಬಂದರೆ ನಾನು ನಿನಗೆ ಎಲ್ಲಿ ಹಾಸಿಗೆ ಹಾಸಲಿ? ಆ ಗೋಡೆಯ ಕೆಳಗೇ ತಾನೆ? ನನ್ನ ಹೆದರಿಕೆ ಕಡಿಮೆಯಾಯಿತು ಅಂದುಕೊಳ್ಳಬೇಡ. ಮೊದಲು ಒಂದೇ ಹೆದರಿಕೆ ಇತ್ತು, ಈಗ ಎರಡು. ಆದರೆ ಎರಡನೆಯದು ನನ್ನೊಬ್ಬಳದಲ್ಲ, ಬೀದಿಯದು. ಹಂಚಿಕೊಂಡರೆ ಹಗುರಾಗುತ್ತದಂತೆ. ನೋಡುತ್ತೇನೆ.

ಸಹಿ ಹಾಕಬೇಡ. ಹೆಚ್ಚರಿಕೆಯಿಂದ ಇರು.

ಅಕ್ಕ


ಏಪ್ರಿಲ್ ೧೭

ತಮ್ಮನಿಗೆ,

ಒಂದು ಅರ್ಜಿ ಬರೆದೆ. ನಾನೇ. ನೀನಿದ್ದಿದ್ದರೆ ತೋರಿಸುತ್ತಿದ್ದೆ. ಬಟ್ಟೆ ಒಗೆಯುವ ಮನೆಯವರು, ತಗ್ಗಿನ ಬೀದಿಯವರು ಎಲ್ಲ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ನಮ್ಮತ್ತೆ ಎಲ್ಲರಿಗಿಂತ ಮೇಲೆ ದೊಡ್ಡದಾಗಿ ಹಾಕಿದರು. "ನನ್ನ ವಯಸ್ಸಿಗೆ ಇವ್ರು ಏನು ಮಾಡ್ತಾರೆ? ಕೆಲಸದಿಂದ ತೆಗೀತಾರಾ?"

ನೀರಾವರಿ ಕಚೇರಿಗೆ ತೆಗೆದುಕೊಂಡು ಹೋದೆವು. ಅಲ್ಲಿನ ಗುಮಾಸ್ತರು ಮೂಗಿನ ತುದಿಯ ಕನ್ನಡಕದಿಂದ ಓದಿ ಪಕ್ಕದವರಿಗೆ ಕಣ್ಣು ಹೊಡೆದರು.

"ಏನಮ್ಮಾ, ಎಚ್ಚರಿಕೆಗೆ 'ಹ' ಬರಲ್ಲ."

ನನ್ನ ಕಿವಿ ಬಿಸಿಯಾಯಿತು. ಅರ್ಜಿ ವಾಪಸು ಕಿತ್ತುಕೊಂಡು ಓಡಿಹೋಗಬೇಕು ಅನ್ನಿಸಿತು. ಆದರೆ ಹಿಂದೆ ಅಷ್ಟು ಜನ ಒತ್ತಿಕೊಂಡು ನಿಂತಿದ್ದರು, ಓಡಲು ಜಾಗವಿರಲಿಲ್ಲ. ಬಾಯಿಂದ ತಾನಾಗಿಯೇ ಬಂತು: "ಗೊತ್ತು ಸಾರ್. 'ಹ' ಬರಲ್ಲ. ನೀರು ಬರ್ತಿದೆಯಲ್ಲ, ಅದಕ್ಕೇನು ಮಾಡ್ತೀರಿ?"

ಇಸ್ತ್ರಿಯವಳು ಶಿಳ್ಳೆ ಹೊಡೆದುಬಿಟ್ಟಳು. ಈಗ ಕಚೇರಿಯ ಅಂಗಳದಲ್ಲಿ ಪಾಳಿಯ ಮೇಲೆ ಕೂರುತ್ತಿದ್ದೇವೆ. ನಿನ್ನ ಕಾಗದ ಬಂದೇ ಇಲ್ಲ. ಸಹಿ ಹಾಕಿದೆಯೋ ಇಲ್ಲವೋ? ನನ್ನ ಕಾಗದ ಸಿಕ್ಕಿತೋ ಇಲ್ಲವೋ? ಎರಡೂ ತಿಳಿಯದೆ ಕೂತಿದ್ದೇನೆ.

ಅಕ್ಕ


ಮೇ ೧೧

ಪ್ರೀತಿಯ ಅಕ್ಕನಿಗೆ,

ನಿನ್ನ ಮಾರ್ಚಿನ ಕಾಗದ ಸಮಯಕ್ಕೆ ಮೊದಲೇ ಬಂತು. ಸಹಿ ಹಾಕಲಿಲ್ಲ. ಅದಾದ ಮೇಲೆ ಕೆಲವು ದಿನ ನನಗೆ ಕಾಗದ ಬರೆಯಲು ಬಿಡಲಿಲ್ಲ. ಆ ದಿನಗಳ ಬಗ್ಗೆ ಬರೆಯುವಂಥದ್ದೇನಿಲ್ಲ. ಈಗ ಬಿಟ್ಟಿದ್ದಾರೆ.

ನಿನ್ನೆ ಲಕೋಟೆ ಅಂಟಿಸಲು ಹಳೆಯ ಪತ್ರಿಕೆಯ ಕಟ್ಟು ಕೊಟ್ಟರು. ಮೇಜಿನ ಮೇಲೆ ಹಾಸಿ ಅಂಟು ಹಚ್ಚುತ್ತಿದ್ದೆ. ಅಂಟಿನ ಕೆಳಗೆ ನಿನ್ನ ಅರ್ಜಿ! ಯಾರೋ ಪುಣ್ಯಾತ್ಮರು ಅದನ್ನು ಒಂದು ಅಕ್ಷರವೂ ಬದಲಿಸದೆ ಅಚ್ಚು ಹಾಕಿದ್ದಾರೆ. 'ಕಟ್ಟೆಯಲ್ಲಿ ಬಿರುಕು ಇಲ್ಲ ಎಂದು ತಾವು ಹೇಳುತ್ತೀರಿ. ಇಲ್ಲದಿದ್ದರೆ ಒಳ್ಳೆಯದೇ ಆಯಿತು. ನೀರು ಇಳಿಸಿ ತೋರಿಸಿ. ಅಲ್ಲಿಯವರೆಗೆ ನಾವು ಹೆಚ್ಚರಿಕೆಯಿಂದ ಇಲ್ಲೇ ಕೂತಿರುತ್ತೇವೆ.'

ಅಕ್ಕಾ, ಇಲ್ಲಿಗೆ ಬಂದ ಮೇಲೆ ಮೊದಲ ಸಲ ನಕ್ಕೆ. ಜೋರಾಗಿ. ಮೇಲ್ವಿಚಾರಕರು ಏನಾಯಿತೆಂದು ಓಡಿಬಂದರು. "ನಮ್ಮಕ್ಕ ಸಾರ್" ಅಂದೆ. ಅವರು ಓದಿದರು. ಓದಿ ಬಾಗಿಲ ಕಡೆ ಒಮ್ಮೆ ನೋಡಿ, ಕಿಸೆಯಿಂದ ಪೆನ್ಸಿಲು ತೆಗೆದು ಕೊಟ್ಟರು. ಅವರ ತಂಗಿಯೂ ತಗ್ಗಿನ ಬೀದಿಯಲ್ಲೇ ಇದ್ದಾಳಂತೆ.

ಪ್ರತಿಜ್ಞೆ ಮುರಿದೆ. ಆ ತುಣುಕನ್ನು ಇದರ ಜೊತೆ ಇಟ್ಟಿದ್ದೇನೆ. 'ಹ'ದ ಮೇಲೆ ಕೊಕ್ಕೆ ಇದೆ, ನೋಡು. ಕೊಕ್ಕೆ ಹಾಕಿದ ಮೇಲೆ ತುಂಬ ಹೊತ್ತು ಅದನ್ನೇ ನೋಡಿದೆ. ಆಮೇಲೆ ಪದದ ಕೆಳಗೆ ಚುಕ್ಕೆಸಾಲು ಹಾಕಿದೆ. ಅದರ ಅರ್ಥ ನಿನಗೆ ಗೊತ್ತು.

ನಿನ್ನ ತಮ್ಮ


ಜುಲೈ ೩

ತಮ್ಮನಿಗೆ ಅಕ್ಕನ ಆಶೀರ್ವಾದ.

ಇದ್ದಂತೆ ಇರಲಿ! ಆ ತುಣುಕನ್ನು ಬಟ್ಟೆ ಒಗೆಯುವ ಮನೆಯ ಗೋಡೆಗೆ ಅಂಟಿಸಿದ್ದೇವೆ. ಆವಿಗೆ ಮುದುಡಬಾರದು ಅಂತ ದಿನಾ ನೋಡುತ್ತೇನೆ.

ನೀರು ಇಳಿಸಿದರು. ಬಿರುಕು ನೋಡುವುದಕ್ಕೆ ಅಂತ ಹೇಳಲಿಲ್ಲ, 'ಹೂಳು ತೆಗೆಯುವುದಕ್ಕೆ' ಅಂದರು. ಮಂತ್ರಿಗಳ ಮುಖ ಉಳಿಯಬೇಕಲ್ಲ. ಇವರನ್ನೇ ಕರೆದರು, ಹಳೆಯ ಗೇಟಿನ ಹಟ ಇವರಿಗೆ ಮಾತ್ರ ಬಗ್ಗುತ್ತದೆ. ಇವರು ಎಣ್ಣೆ ಡಬ್ಬಿ ತೆಗೆದುಕೊಂಡು ಹೋದರು, ಹೋಗುವಾಗ ಶಿಳ್ಳೆ ಹಾಕುತ್ತಿದ್ದರು.

ನೀರು ಇಳಿಯುತ್ತಾ ಇಳಿಯುತ್ತಾ ಇಡೀ ತಗ್ಗಿನ ಜನ ಕಟ್ಟೆ ಹತ್ತಿದರು. ಎಡಮೂಲೆಯಲ್ಲಿ ಅದು ಕಾಣಿಸಿತು. ನಾನು ಕೂದಲೆಳೆಯಷ್ಟು ಇರಬಹುದು ಅಂದುಕೊಂಡಿದ್ದೆ. ಕೈ ತೂರುವಷ್ಟಿತ್ತು. ಮೇಲಿಂದ ಕೆಳಗೆ ಬಗ್ಗಿಕೊಂಡು ಬಂದು, ಕೊನೆಯಲ್ಲಿ ಚಿಕ್ಕದೊಂದು 'ಬಾಲ'. ಸುಳ್ಳಲ್ಲ ತಮ್ಮಾ, ಥೇಟ್ ನಿನ್ನ ಕೊಕ್ಕೆ. ನಮ್ಮತ್ತೆ ಬಗ್ಗಿ ನೋಡಿ ಹೇಳಿದರು: "ಓಹೋ, ಬಲ ಚೆನ್ನಾಗಿ ಹೆಚ್ಚಿದೆ."

ಆಮೇಲಿನದು ನಿನಗೂ ಗೊತ್ತು, ಆದರೂ ಬರೆಯುತ್ತೇನೆ. ಎಂಜಿನಿಯರರು ತಾವಾಗಿಯೇ ಬಂದು 'ನಾನು ಬರೆದದ್ದು ಬಿರುಕು' ಅಂತ ಹೇಳಿಕೆ ಕೊಟ್ಟರು. ಸುಳ್ಳು ಬರೆದ ಅಪರಾಧ ನಿನ್ನ ತಲೆಯಿಂದ ಇಳಿಯಿತು. ಗುಟ್ಟು ಹೊರಹಾಕಿದ್ದು ಮಾತ್ರ ಕಾನೂನಿನ ಪ್ರಕಾರ ಅಪರಾಧವೇ, ಅದಕ್ಕೆ ಡಿಸೆಂಬರಿನವರೆಗೆ ಒಳಗೆ ಇರಬೇಕು ಅಂದರು ನ್ಯಾಯಾಧೀಶರು. ತೀರ್ಪು ಓದುವಾಗ ಅವರು ನಿನ್ನ ಮುಖ ನೋಡಲಿಲ್ಲ, ಗಮನಿಸಿದೆಯಾ? ಮಂತ್ರಿಗಳ ಖಾತೆ ಬದಲಾಯಿತು. ಈಗ ಅವರಿಗೆ ಮೀನುಗಾರಿಕೆ. ನಮ್ಮತ್ತೆ, "ಏನೇ ಆದ್ರೂ ಆ ಮನುಷ್ಯ ನೀರು ಬಿಡಲ್ಲ" ಅಂದರು.

ಬಾಗಿಲ ಮೇಲಿನ ನೋಟೀಸು ಕಿತ್ತುಹಾಕಿದ್ದಾರೆ. ಅಂಟಿನ ಕಲೆ ಹೋಗುತ್ತಿಲ್ಲ, ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ. ಇರಲಿ ಬಿಡು.

ಕನಸು ಈಗಲೂ ಬೀಳುತ್ತದೆ. ಆದರೆ ಈಗ ಬಟ್ಟೆ ಒಣಗಿರುತ್ತವೆ.

ಅಕ್ಕ


ನವೆಂಬರ್ ೨೨

ಪ್ರೀತಿಯ ಅಕ್ಕನಿಗೆ,

ಬಿಡುಗಡೆಯ ಕಾಗದ ಬಂದಿದೆ. ಡಿಸೆಂಬರ್ ೬, ಬೆಳಿಗ್ಗೆ.

ಸರ್ಕಾರಿ ಕೆಲಸ ಇನ್ನು ಎಲ್ಲೂ ಸಿಗುವುದಿಲ್ಲ. ಮಕ್ಕಳ ಪುಸ್ತಕ ಅಚ್ಚು ಹಾಕುವ ಒಂದು ಸಣ್ಣ ಮುದ್ರಣಾಲಯದವರು ಬರೆದಿದ್ದಾರೆ. 'ನಮ್ಮಲ್ಲಿ ಗುಟ್ಟೇನೂ ಇಲ್ಲ, ತಪ್ಪುಗಳು ಬೇಕಾದಷ್ಟಿವೆ, ಬನ್ನಿ' ಎಂದು. ಹೋಗಬೇಕು ಅಂದುಕೊಂಡಿದ್ದೇನೆ. ನನ್ನ ಹಳೆಯ ವಿಭಾಗದಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವರು ಒಬ್ಬರೂ ಬರೆಯಲಿಲ್ಲ. ಅವರಿಗೂ ಮನೆಗಳಿವೆ.

ಹೊರಗೆ ಬರಲು ಸ್ವಲ್ಪ ಅಂಜಿಕೆ. ತಗ್ಗಿನ ಬೀದಿಯಲ್ಲಿ ನಡೆಯುವಾಗ ಜನ ನೋಡುತ್ತಾರಲ್ಲ, ಆಗ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುತ್ತಿಲ್ಲ. ಮತ್ತೆ ಭಾವ. ಅವರು ಮನೆಯಲ್ಲಿರುವ ಹೊತ್ತಿಗೆ ಬರಲೋ, ಇಲ್ಲದ ಹೊತ್ತಿಗೋ?

ತಮ್ಮ


ನವೆಂಬರ್ ೨೯

ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನ ಪ್ರಶ್ನೆ ಓದುವಾಗ ಇವರು ಪಕ್ಕದಲ್ಲೇ ಇದ್ದರು. ಮುಖ ತಿರುಗಿಸಿಕೊಂಡು, "ಮನೆಯಲ್ಲಿ ಇರ್ತೀನೋ ಇಲ್ವೋ ಅಂತ ಯಾಕೆ ಕೇಳ್ಬೇಕು ಆ ಕೊಕ್ಕೆ? ಜೈಲಿನ ಗೇಟಿನ ಹತ್ರಾನೇ ಇರ್ತೀನಿ. ಗೇಟು ತೆಗೆಯೋದು ನನ್ನ ಕೆಲಸ" ಅಂದರು. ಅಂದವರು ಎದ್ದು ಹೋಗಿ ನಿನ್ನ ಹಳೆಯ ಮಂಚದ ಕಾಲಿಗೆ ಮೊಳೆ ಹೊಡೆಯತೊಡಗಿದರು. ಅದು ಅಲುಗಾಡುತ್ತಲೇ ಇರಲಿಲ್ಲ.

ಕೈ ಎಲ್ಲಿಟ್ಟುಕೊಳ್ಳಬೇಕೆಂಬ ಚಿಂತೆ ನಿನಗೆ ಬೇಡ, ಅದಕ್ಕೆ ಕೆಲಸ ಇದೆ. ಕಟ್ಟೆಯ ಎಡಮೂಲೆ ಹೊಸದಾಗಿ ಕಟ್ಟಿ ಮುಗಿಯುತ್ತಾ ಬಂತು. ಅಲ್ಲೊಂದು ಬೋರ್ಡು ನಿಲ್ಲಿಸುತ್ತಾರಂತೆ, ನೀರು ಈ ಗೆರೆ ದಾಟಿದರೆ ಕೆಳಗಿನವರಿಗೆ ತಿಳಿಸಬೇಕು ಅಂತ. ಗುಟ್ಟಿಲ್ಲ, ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಓದಬಹುದು. ಬೋರ್ಡು ಬರೆಯುವವರು ಕೆಲಸ ನಿಲ್ಲಿಸಿ ಕೂತಿದ್ದಾರೆ. ಮೊದಲ ಪದಕ್ಕೆ 'ಹ' ಹಾಕಬೇಕೋ ಬೇಡವೋ ಅಂತ ಬೀದಿಯಲ್ಲಿ ಎರಡು ಪಂಗಡ ಆಗಿದೆ. ಗುಮಾಸ್ತರು ಬೇಡ ಅನ್ನುತ್ತಾರೆ. ಇಸ್ತ್ರಿಯವಳು ಬೇಕೇ ಬೇಕು ಅನ್ನುತ್ತಾಳೆ. ನಾನು ಸುಮ್ಮನಿದ್ದೇನೆ. ನೀನು ಬಂದು ತಿದ್ದು. ಊರಿನ ಬೋರ್ಡಿಗೆ 'ಹ' ಬೇಡ, ನನಗೇ ಗೊತ್ತು. ನನ್ನ ಕಾಗದಗಳಲ್ಲಿ ಇದ್ದಂತೆ ಇರಲಿ.

ನಮ್ಮತ್ತೆ, "ಬರಲಿ, ನನ್ನ ಔಷಧಿ ಚೀಟಿ ಓದೋಕೆ ಒಬ್ಬ ಗಂಡಸು ಬೇಕಾಗಿತ್ತು" ಅಂದಿದ್ದಾರೆ. ಅವರ ಕೋಣೆಯ ಕಿಟಕಿ ಪಕ್ಕದ ಜಾಗ ನಿನಗೆ ಬಿಟ್ಟಿದ್ದಾರೆ. ಆ ಕಿಟಕಿ ಪೂರ್ವಕ್ಕಿದೆ, ಎದುರಿಗೆ ಗೋಡೆಯಿಲ್ಲ.

ಹೊದಿಕೆ ಒಗೆದು ಒಣಗಿಸಿ ಇಟ್ಟಿದ್ದೇನೆ. ಎಲ್ಲ ಸರಿಯಿದೆ. ಸರಿಯಿದೆ ಅಂದುಕೊಂಡು ಮಲಗಲು ಹೋದರೆ ಒಂದು ಮುಳ್ಳು ಚುಚ್ಚುತ್ತಿದೆ. ನೀನು ೬ ಅಂತ ಬರೆದಿದ್ದೀಯ. ಆರೇ ತಾನೆ? ನಮ್ಮ ಅಂಕಿಗಳಲ್ಲಿ ಆರೂ ಒಂಬತ್ತೂ ಅವಳಿಜವಳಿ, ಬಾಲ ಈ ಕಡೆ ಹೊರಳಿದರೆ ಒಂದು, ಆ ಕಡೆ ಹೊರಳಿದರೆ ಇನ್ನೊಂದು. ಬಿಡುಗಡೆಯ ಕಾಗದವೂ ಅಚ್ಚಾಗಿ ಬಂದದ್ದೇ ಅಲ್ಲವೇ, ಅದನ್ನು ಅಚ್ಚು ಹಾಕಿದ್ದು ನಿನ್ನ ಹಳೆಯ ಮುದ್ರಣಾಲಯವೇ ಅಲ್ಲವೇ, ಅಲ್ಲಿ ಈಗ ಕರಡು ತಿದ್ದಲು ನೀನಿಲ್ಲವಲ್ಲ! ನಾವು ಆರಕ್ಕೇ ಬಂದು ನಿಲ್ಲುತ್ತೇವೆ. ಒಂಬತ್ತಾದರೆ ಅಲ್ಲೇ ಕೂತಿರುತ್ತೇವೆ, ಕೂರುವುದು ನಮಗೆ ಅಭ್ಯಾಸವಾಗಿದೆ. ಆದರೂ ನನ್ನ ಸಮಾಧಾನಕ್ಕೆ, ಕಾಗದವನ್ನು ಬೆಳಕಿಗೆ ಹಿಡಿದು ಆ ಒಂದು ಅಂಕಿಯನ್ನು ಇನ್ನೊಮ್ಮೆ ನೋಡಿ ಬರೆ.

ಹೆಚ್ಚರಿಕೆಯಿಂದ,
ಅಕ್ಕ